ಸಾಹೇಬರ ಮುಂದೆ ನಮ್ಮಪ್ಪ ಯಾವತ್ತೂ ಫಿಟ್

ಅವತ್ತು ಅಪ್ಪ ಅರ್ಧ ಮುಖಕ್ಕೆ ಮಾತ್ರ ದಾಡಿ ಮಾಡಿಕೊಂಡು ಬಂದಿದ್ದ.

ಬಲಗೆನ್ನೆ ನುಣ್ಣಗಿತ್ತು. ಎಡಗೆನ್ನೆಯ ಮೇಲೆ ಬಿಳಿ ಕೂದಲು ಹಾಗೇ ಇತ್ತು. ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾದ ಮನುಷ್ಯ. ಹಬ್ಬ ಇರಲಿ, ಜ್ವರ ಇರಲಿ, ಬೆಳಗಿನ ಚಹಾಕ್ಕೆ ಮೊದಲು ಅವನ ದಾಡಿ ಆಗಿರಲೇಬೇಕು. ನನಗೆ ನಗು ಬಂತು.

"ಯಪ್ಪಾ, ಇನ್ನರ್ಧ ಯಾರಿಗೆ ಬಿಟ್ಟಿ?" ಅಂದೆ.

ಕನ್ನಡಿ ನೋಡಿಕೊಂಡ. "ಪೂರಾ ಆಗೇತಲಾ" ಅಂದ.

ಊಟಕ್ಕೆ ಕೂತಾಗ ತಟ್ಟೆಯ ಬಲಗಡೆಯ ಬದನೆಕಾಯಿ ಪಲ್ಯ ಖಾಲಿ ಮಾಡಿ, "ಇವತ್ತ ಝುಣಕ ಮಾಡಿಲ್ಲೇನ?" ಎಂದು ಕೇಳಿದ. ಝುಣಕ ಅದೇ ತಟ್ಟೆಯ ಎಡಗಡೆ ಇತ್ತು. ನನ್ನ ನಗು ಅಲ್ಲಿಗೇ ನಿಂತಿತು. ಕೈ ತೊಳೆಯಲು ಏಳಹೋದ.

ಎಡಗಾಲು ಬರಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಸ್ಟ್ರೋಕ್. ಡಾಕ್ಟರು ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು: "ಎಡಗೈ, ಎಡಗಾಲು ಹೋಗ್ಯಾವ ಅಂತ ಅಷ್ಟ ಅಲ್ರಿ. ಎಡಗಡೆ ಒಂದ ಐತಿ ಅನ್ನೂದನ್ನ ಅವರ ಮಿದುಳು ಮರತೈತಿ. ನೆಗ್ಲೆಕ್ಟ್ ಅಂತೇವಿ ನಾವು. ತಮಗ ಏನೂ ಆಗಿಲ್ಲ ಅಂತನೂ ಅನಬಹುದು. ನೀವು ಸಿಟ್ಟಿಗೇಳಬ್ಯಾಡ್ರಿ."

ಹೇಳುವುದು ಸುಲಭ. ಎರಡು ಹೊತ್ತು ಜೊತೆಗಿದ್ದು ನೋಡಿದ್ದರೆ ಅವರೂ ಸಿಟ್ಟಿಗೇಳುತ್ತಿದ್ದರು.

ಅವ್ವ ಇಲ್ಲ, ನಾನೊಬ್ಬಳೇ ಮಗಳು. ಹಾಗಾಗಿ ಅಪ್ಪ ಕಟಕೋಳದ ಮನೆಗೆ ಕೀಲಿ ಹಾಕಿ ಬೈಲಹೊಂಗಲಕ್ಕೆ ನಮ್ಮ ಜೊತೆ ಇರಲು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ನನ್ನ ಗಂಡ ಬಸ್ ಡ್ರೈವರ್. ಒಂದು ದಿನ ಮನೆಯಲ್ಲಿದ್ದರೆ ಮರುದಿನ ಯಾವುದೋ ಹಳ್ಳಿಯಲ್ಲಿ ನೈಟ್ ಹಾಲ್ಟ್. ನಾನು ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪನ ಸ್ನಾನ, ಸಂಡಾಸು, ಬಟ್ಟೆ, ಊಟ ಎಲ್ಲ ನನ್ನ ಪಾಲಿಗೆ ಬಂತು. ಹಾಸಿಗೆಯಿಂದ ಕುರ್ಚಿಗೆ ಎತ್ತಬೇಕು, ಕುರ್ಚಿಯಿಂದ ಹಾಸಿಗೆಗೆ ಇಳಿಸಬೇಕು. ಬೆನ್ನಿಗೆ ಹುಣ್ಣಾಗಬಾರದೆಂದು ರಾತ್ರಿಯೂ ಎದ್ದು ಮಗ್ಗುಲು ಬದಲಿಸಬೇಕು. ಅವನದು ಇನ್ನೂ ಪಲ್ಟನ್ನಿನ ಮೈ. ನನ್ನದು ರೊಟ್ಟಿ ಬಡಿಯುವ ಮೈ.

ಒಬ್ಬ ಹೆಣ್ಣಾಳನ್ನು ಇಟ್ಟುಕೊಂಡರೆ ನಾನು ಉಳಿಯುತ್ತಿದ್ದೆ. ಅದಕ್ಕೆ ದುಡ್ಡು ಸಾಲದು. ಆಗ ಯಾರೋ ಹೇಳಿದರು, ಹಾಸಿಗೆ ಹಿಡಿದ ಮಾಜಿ ಸೈನಿಕರಿಗೆ ಆರೈಕೆಯವರನ್ನು ಇಟ್ಟುಕೊಳ್ಳಲು ತಿಂಗಳಿಗಿಷ್ಟು ಎಂದು ನೆರವು ಇದೆಯಂತೆ. ಅರ್ಜಿ ಹಾಕಿದೆ. ಸೈನಿಕನಿಗೆ ತನ್ನ ಕೆಲಸ ತಾನು ಮಾಡಿಕೊಳ್ಳಲು ಆಗುವುದಿಲ್ಲ ಎಂಬುದನ್ನು ಮನೆಗೇ ಬಂದು ನೋಡುತ್ತಾರೆ, ನೋಡಿದ ಮೇಲೆ ಮಂಜೂರು. ಇದರಲ್ಲಿ ಕಷ್ಟ ಏನಿದೆ, ನೋಡಿದರೆ ಯಾರಿಗೂ ಗೊತ್ತಾಗುತ್ತದೆ ಅಂದುಕೊಂಡೆ.

ನಮ್ಮಪ್ಪನ ಲೆಕ್ಕವೇ ಬೇರೆ ಇತ್ತು.

ನೋಡಲು ಬರುವವರು ನಿವೃತ್ತ ಕ್ಯಾಪ್ಟನ್ ಎಂದು ಗೊತ್ತಾದದ್ದೇ ತಡ, ಬಿಳಿ ಅಂಗಿಗೆ ಇಸ್ತ್ರಿ ಆಗಬೇಕು, ಬೂಟಿಗೆ ಪಾಲಿಶ್ ಆಗಬೇಕು ಎಂದು ಹಟ ಹಿಡಿದ. ದಾಡಿಯ ಉಳಿದರ್ಧವನ್ನು ನಾನು ಮಾಡಿದೆ. "ಯಪ್ಪಾ, ಇದ್ದದ್ದು ಇದ್ದಂಗ ಹೇಳು. ಸುಳ್ಳು ಬ್ಯಾಡ" ಎಂದು ಕೈ ಮುಗಿದೆ. "ಹೂಂ" ಅಂದ.

ಕ್ಯಾಪ್ಟನ್ ಸಾಹೇಬರು ಹೊಸ್ತಿಲು ದಾಟಿದರು. ಅಪ್ಪ ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದು ಜಗ್ಗಿಕೊಂಡು ಎದ್ದ. ಗೋಡೆಗೆ ಬೆನ್ನು ಕೊಟ್ಟು, ಸರಳು ಬಿಟ್ಟು, ಸೆಲ್ಯೂಟ್ ಹೊಡೆದ.

ತಿಂಗಳುಗಟ್ಟಲೆ ನನ್ನ ಕೈಯಲ್ಲಿ ಒಮ್ಮೆಯೂ ಹಾಗೆ ನಿಂತವನಲ್ಲ.

"ಕೈಸೇ ಹೋ, ಸುಬೇದಾರ್ ಸಾಬ್?"

"ಏಕ್‌ದಮ್ ಫಿಟ್, ಸಾಬ್."

ಸ್ನಾನ? ಖುದ್ ಕರತಾ ಹೂಂ, ಸಾಬ್. ಊಟ? ಖುದ್. ತಿರುಗಾಟ? ರೋಜ್, ಸಾಬ್. ಎಲ್ಲ ತಾನೇ, ಅದೂ ದಿನಾ ಅಂತೆ.

ನಾನು ನಡುವೆ ಬಾಯಿ ಹಾಕಿದೆ. ಅಪ್ಪ ನನ್ನತ್ತ ಹುಬ್ಬು ಗಂಟಿಕ್ಕಿದ. ಸಾಹೇಬರು ಬಂದವರು ಖುಷಿಯಾಗಿ ಚಹಾ ಕುಡಿದು, ಬೆನ್ನು ತಟ್ಟಿ ಹೋದರು. ಅವರ ಗಾಡಿಯ ಸದ್ದು ಮರೆಯಾಗುವ ಮೊದಲೇ, ಅಲ್ಲಿಯವರೆಗೂ ಗೋಡೆಗೆ ಆತು ನಿಂತಿದ್ದ ಅಪ್ಪ ಕುಸಿದ. ಹಿಡಿಯಹೋದೆ. ಇಬ್ಬರೂ ಬಿದ್ದೆವು. ಅವನಿಗೆ ಏನೂ ಆಗಲಿಲ್ಲ.

ನನ್ನ ನಡು ಹೋಯಿತು.

ಕೆಲವು ವಾರಗಳ ಮೇಲೆ ಉತ್ತರ ಬಂತು. ಅರ್ಜಿದಾರರು ತಮ್ಮ ನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಬಲ್ಲರು, ಆದ್ದರಿಂದ ನೆರವು ಇಲ್ಲ. ಸಾಹೇಬರದೇನು ತಪ್ಪು? ಕಂಡದ್ದು ಬರೆದರು. ಆ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದಾಗ ಅವನ ಮುಖದಲ್ಲಿ ಹೆಮ್ಮೆ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕ ಸುಳ್ಳ ಹೇಳಿದಿ?"

"ಸಾಹೇಬ್ರ ಮುಂದ ಅಳ್ಕೋತ ಕುಂದ್ರಲೇನ? ಬ್ಯಾನಿ ಐತಿ ಅಂತ ಹೋಗಿ ನಿಂದ್ರೂ ಜವಾನರಿಗೆ ನಾನ ಬೈದಾಂವ."

"ಇಲ್ಲಿ ಯಾ ಜವಾನರೂ ಇಲ್ಲ. ನಾ ಅದೇನಿ. ನನ್ನ ಕೈಲೆ ಆಗವಲ್ದು."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಕಾಯಿಲೆ ಮಾತಾಡುತ್ತಿದೆಯೋ ಸುಬೇದಾರ ಮಾತಾಡುತ್ತಿದ್ದಾನೋ ನನಗಂತೂ ತಿಳಿಯುತ್ತಿರಲಿಲ್ಲ. ಕಾಯಿಲೆ ಎಂದು ಗೊತ್ತಾದರೆ ಸಹಿಸಬಹುದು. ಹಟ ಎಂದು ಗೊತ್ತಾದರೆ ಜಗಳಾಡಬಹುದು. ಎರಡೂ ಕಲಸಿಕೊಂಡು ಕೂತವನ ಜೊತೆ ಏನು ಮಾಡುವುದು? ನಡುವಿಗೆ ಬೆಲ್ಟ್ ಬಿಗಿದುಕೊಂಡು ಅವನನ್ನು ಎತ್ತುವುದು, ಅಷ್ಟೇ. ರೊಟ್ಟಿ ಬಡಿಯಲು ಬಗ್ಗುವುದು ಆಗಲಿಲ್ಲ. ಖಾನಾವಳಿಗಳಿಗೆ ಇನ್ನು ಕೊಡಲಾಗದು ಎಂದು ಹೇಳಿ ಕಳಿಸಿದೆ. ಅಪ್ಪ ಕೇಳಿದಾಗ, ಈ ಸಲದ ಜೋಳ ಛಲೋ ಇಲ್ಲ, ಹಿಟ್ಟು ಹದಕ್ಕೆ ಬರುವುದಿಲ್ಲ ಎಂದು ಏನೋ ಹೇಳಿದೆ.

ಮತ್ತೆ ಅರ್ಜಿ ಹಾಕಿದೆ. ಮತ್ತೆ ನೋಡಲು ಬಂದರು. ಈ ಸಲ ಧಾರವಾಡದ ಕಡೆಯ ಒಬ್ಬ ಡಾಕ್ಟರಮ್ಮ, ಅವರೂ ಸೈನ್ಯದಲ್ಲಿದ್ದವರೇ. ಕಿಟಕಿ, ಸರಳು, ಸೆಲ್ಯೂಟ್. "ಫಿಟ್, ಮೇಡಂ ಸಾಬ್." ಎಲ್ಲ ಮೊದಲಿನ ಹಾಗೇ. ನನಗೆ ಬಾಯಿ ಹಾಕುವ ಉಮೇದೂ ಉಳಿದಿರಲಿಲ್ಲ. ಚಹಾ ತಂದೆ. ತಾಟು ಇಡಲು ಬಗ್ಗಿದವಳು ಅರ್ಧಕ್ಕೇ ನಿಂತುಬಿಟ್ಟೆ. ಡಾಕ್ಟರಮ್ಮ ತಾಟು ಇಸಿದುಕೊಂಡು ನನ್ನ ಬೆಲ್ಟ್ ನೋಡಿದರು. ಅಪ್ಪನ ಕಡೆ ತಿರುಗಿದರು.

"ನಿಮ್ಮದು ಆತ್ರಿ, ಸುಬೇದಾರ್ ಸಾಬ್. ಇವರ ರಿಪೋರ್ಟ್ ಕೊಡ್ರಿ."

ಅಪ್ಪ ಗಂಟಲು ಸರಿಮಾಡಿಕೊಂಡು, ನೆಟ್ಟಗೆ ಮುಂದೆ ನೋಡುತ್ತ ಶುರುಮಾಡಿದ.

"ಇಕಿ ನಡಾ ಹೋಗೇತಿ, ಮೇಡಂ ಸಾಬ್. ನನ್ನ ಎತ್ತೂದ್ರಾಗ ಹೋತು. ಹೇಳಂಗಿಲ್ಲ, ಆದ್ರ ಹೋಗೇತಿ. ರಾತ್ರಿ ನಿದ್ದಿ ಇಲ್ಲ. ಎದ್ದೆದ್ದು ಬಂದು ನನ್ನ ಮಗ್ಗಲಾ ಬದಲಸ್ತಾಳ. ರೊಟ್ಟಿ ಬಡಿಯೂದು ಬಿಟ್ಟಾಳ. ಕೇಳಿದ್ರ ಹಿಟ್ಟು ಛಲೋ ಇಲ್ಲ ಅಂತಾಳ. ಹಿಟ್ಟು ಛಲೋ ಐತಿ."

"ನಿಮ್ಮ ಸ್ನಾನ?"

"ಇಕೀನ ಮಾಡಸ್ತಾಳ."

"ಸಂಡಾಸಕ್ಕ?"

"ಇಕೀನ ಹೊತಗೊಂಡು ಹೋಗತಾಳ."

"ಈ ಅಂಗಿ ಗುಂಡಿ?"

"ಇಕೀನ. ದಾಡಿನೂ." ಗಲ್ಲ ಸವರಿಕೊಂಡ. "ಬದಲಿ ಇಲ್ಲದ ಇಷ್ಟು ದಿನಾ ಯಾರಿಗೂ ಡ್ಯೂಟಿ ಕೊಡಂಗಿಲ್ಲ, ಸಾಬ್. ನನಗ ಏನೂ ಬ್ಯಾಡ. ಇಕಿಗೆ ರಿಲೀಫ್ ಕೊಡಸ್ರಿ."

ಡಾಕ್ಟರಮ್ಮ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದೆ. ತನ್ನ ಎಡಗೈ ತನಗೆ ಕಾಣದ ಮನುಷ್ಯನಿಗೆ ನನ್ನದೆಲ್ಲ ಕಂಡಿತ್ತು. ಕಂಡೂ ಇಷ್ಟು ದಿನ ಒಂದು ಮಾತು ಆಡಿರಲಿಲ್ಲ ಎಂದು ಸಿಟ್ಟೂ ಬಂತು. ಕೇಳಬೇಕಾದ ಸಾಹೇಬರು ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ. ಅವನ ಕಾಯಿದೆ ಅದು.

ನೆರವು ಮಂಜೂರಾಗಿದೆ. ದುಡ್ಡು ಒಮ್ಮೊಮ್ಮೆ ತಡವಾಗಿ ಬರುತ್ತದೆ, ಸಾಲುವುದೂ ಅಷ್ಟಕ್ಕಷ್ಟೇ. ನನ್ನ ನಡು ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಪ್ಪ ಈಗಲೂ ಅರ್ಧ ದಾಡಿ ಮಾಡಿಕೊಂಡು ಪೂರಾ ಆಯಿತು ಅನ್ನುತ್ತಾನೆ. ನಾನು ಈಗಲೂ ರೇಗುತ್ತೇನೆ. ಆದರೂ ದಿನಾ ಬೆಳಿಗ್ಗೆ ನೀಲವ್ವ ಬರುತ್ತಾಳೆ. ಗಟ್ಟಿ ಹೆಣ್ಣುಮಗಳು, ಅಪ್ಪನನ್ನು ಸಲೀಸಾಗಿ ಎತ್ತುತ್ತಾಳೆ.

ಅವಳು ಬಂದ ಮೊದಲ ದಿನ ಅಪ್ಪ ಹೆಸರು ಕೇಳಿದ, ಊರು ಕೇಳಿದ. ನೆಟ್ಟಗೆ ನಿಲ್ಲು ಅಂದ. ಅವಳು ನಗುತ್ತ ನಿಂತಳು. ಆಮೇಲೆ ಬಾಗಿಲ ಬಳಿ ಇದ್ದ ನನ್ನ ಕಡೆ ನೋಡಿದ.

"ಬದಲಿ ಬಂದಾಳ. ನೀ ಹೋಗಿ ಮಲ್ಕೋ" ಅಂದ. ನಾನು ಕದಲಲಿಲ್ಲ. ಕವಾಯತು ಮುಗಿಸಿ ಜವಾನರನ್ನು ಕಳಿಸುವ ದನಿಯಲ್ಲಿ ಕೂಗಿದ.

"ವಿಸರ್ಜನ್."

ಹೋಗಿ ಮಲಗಿದೆ.