ಎರಡು ತೂತಿನ ಪೆಟ್ಟಿಗೆ

ಪಕ್ಕದ ಮನೆಯ ಮುದುಕಿಯ ತೋರುಬೆರಳು ತುದಿಯಲ್ಲಿ ಒಂಚೂರು ಬಾಗಿತ್ತು. ಆ ಬೆರಳಿನಿಂದಲೇ ಹಳೇ ಫೋನಿನ ಗುಂಡಿಗಳನ್ನು ಟಕಟಕ ಒತ್ತುತ್ತಿದ್ದರು. ದೊಡ್ಡಮ್ಮ ಅಂತಲೇ ನಾವು ಕರೆಯುತ್ತಿದ್ದದ್ದು. ಎರಡೂ ಕಣ್ಣು ಕಾಣುತ್ತಿರಲಿಲ್ಲ. ಹಿರಿಯೂರಿನ ನಮ್ಮ ಬೀದಿಯ ಅಷ್ಟೂ ನಂಬರು ಬಾಯಿಪಾಠ. ಮೊಬೈಲು ಕೊಟ್ಟರೆ, "ಈ ಗಾಜು ಸವರಿದ್ರೆ ನಂಗೇನ್ ಗೊತ್ತಾಗ್ತೈತೆ, ತಗಂಡೋಗ್ರಿ" ಎಂದು ಗದರುತ್ತಿದ್ದರು. ಅಮ್ಮ ಬಬ್ಬೂರಿನ ಫಾರಂ ಕೆಲಸಕ್ಕೆ ಹೋದಾಗೆಲ್ಲ ನನ್ನನ್ನು ಸಾಕಿದವರು ಅವರೇ.

ರಸ್ತೆ ಅಗೆದಾಗ ಹಳೇ ಲೈನು ಹೋಯಿತು. ಮನೆಗೆ ಇಂಟರ್‌ನೆಟ್ ಹಾಕಿಸಿ, ಅದರಲ್ಲಿ ಹಳೇ ಫೋನು ಮಾತಾಡಿಸುವ ಸಣ್ಣ ಪೆಟ್ಟಿಗೆ ಕೂರಿಸಿದರು. ಪೆಟ್ಟಿಗೆಯ ಬೆನ್ನಿಗೆ ಒಂದೇ ಥರದ ಎರಡು ತೂತು: ಒಂದು ಇಂಟರ್‌ನೆಟ್ ತಂತಿಗೆ, ಇನ್ನೊಂದು ಕಂಪ್ಯೂಟರಿಗೆ. ಬಣ್ಣ ಬೇರೆ. ಬೆರಳಿಗೆ ಬಣ್ಣ ತಿಳಿಯುತ್ತದೆಯೇ?

ದೊಡ್ಡಮ್ಮನ ಯಜಮಾನರಿಗೆ ಚಿತ್ರದುರ್ಗದಲ್ಲಿ ಆಪರೇಷನ್ನು. "ನೀನು ಬಂದು ಒದ್ದಾಡಬ್ಯಾಡ. ಒಳಕ್ಕೆ ಹೋಗೋ ಮುಂಚೆ ಯಾರ್ದಾರ ಫೋನಿಂದ ಮಾಡ್ತೀನಿ" ಎಂದು ಹೇಳಿ ಹೋಗಿದ್ದರು. ಆ ಬೆಳಿಗ್ಗೆ ದೊಡ್ಡಮ್ಮ, ಗಂಡನ ದನಿ ಬರುವ ಪೆಟ್ಟಿಗೆಯೆಂದು, ತಂತಿಗಳನ್ನೆಲ್ಲ ಕಿತ್ತು ಒರೆಸಿ, ವಿಭೂತಿ ಹಚ್ಚಿ, ಹೂವಿಟ್ಟು, ಮತ್ತೆ ಸಿಕ್ಕಿಸಿದ್ದರು.

"ಲೇ, ಬಾರೇ! ಫೋನ್ನಾಗೆ ಸದ್ದೇ ಇಲ್ಲ!"

ಓಡಿದೆ. ಯಜಮಾನರ ಜೊತೆಗಿದ್ದ ಮೈದುನನ ಮೊಬೈಲು ಸ್ವಿಚ್ ಆಫ್. ನನ್ನ ಮೊಬೈಲಿನಿಂದ ಆಸ್ಪತ್ರೆಗೆ ಮಾಡಿದರೆ ಯಾರೂ ಎತ್ತಲಿಲ್ಲ. ಪೆಟ್ಟಿಗೆ ತಿರುಗಿಸಿದರೆ, ಅಯ್ಯೋ ದೇವರೇ, ಇಂಟರ್‌ನೆಟ್ ತಂತಿ ಕಂಪ್ಯೂಟರಿನ ತೂತಿನಲ್ಲಿ ಕೂತಿದೆ! ಕಿತ್ತು ಪಕ್ಕದ್ದಕ್ಕೆ ಹಾಕಿದೆ. ಪೆಟ್ಟಿಗೆಯ ಹಾಳಾದ ದೀಪ ಮಿಣುಕುತ್ತಲೇ ಇತ್ತು, ಲೈನು ಹಿಡಿಯಲೊಲ್ಲದು. ದೊಡ್ಡಮ್ಮ ನನ್ನ ರಟ್ಟೆ ಹಿಡಿದು "ಬಂತೇನೇ? ಬಂತೇನೇ?" ಎನ್ನುತ್ತಿದ್ದರು. ಕೊನೆಗೂ ಫೋನು ಗುಂಯ್ ಅಂದಿತು. ಅವರಿಗೆ ನಂಬಿಕೆಯಿಲ್ಲ, ಮತ್ತೆ ಮತ್ತೆ ಎತ್ತಿ ಕಿವಿಗಿಟ್ಟುಕೊಂಡರು.

"ಇಡ್ರಿ ದೊಡ್ಡಮ್ಮ, ಎತ್ತಿದ್ರೆ ಅವರಿಗೆ ಎಂಗೇಜ್ ಬರ್ತೈತೆ!" ಎಂದು ಕಿರುಚಿಬಿಟ್ಟೆ.

ಇಟ್ಟರು. ಇಬ್ಬರೂ ಅದರ ಮುಂದೆಯೇ ಕೂತೆವು. ಮಧ್ಯಾಹ್ನ ದಾಟಿದ ಮೇಲೆ ಬಡಿದುಕೊಂಡಿತು. ಮೈದುನ. ಆ ಕಡೆಯ ಅಳು ನನಗೂ ಕೇಳಿತು: "ಅಣ್ಣ ನರ್ಸಮ್ಮನ ಫೋನಿಂದ ಎಷ್ಟ್ ಸಲ ಮಾಡ್ದ ಅತ್ತಿಗೆ... ಆಪರೇಷನ್ನಿಗೆ ಹೋದೋನು ಒಳಗೇ ಜೀವ ಬಿಟ್ಟ."

ದೊಡ್ಡಮ್ಮ ಅಳಲಿಲ್ಲ. ತಡವರಿಸಿ ನನ್ನ ಕೈ ಹಿಡಿದರು. "ಅವ್ರಿಗೆ ಆ ಕಡೆ ರಿಂಗ್ ಆದಂಗೆ ಕೇಳಿರ್ತೈತೇನೇ? ನಾನು ಬೇಕಂತ ಎತ್ತಲಿಲ್ಲ ಅಂದ್ಕಂಡಿರ್ತಾರಾ?"

"ಇಲ್ಲ ದೊಡ್ಡಮ್ಮ. ಲೈನ್ ಕೆಟ್ಟೈತೆ ಅಂತ ಫೋನೇ ಹೇಳಿರ್ತೈತೆ."

ನನಗೇನು ಗೊತ್ತು? ಹಾಸಿಗೆ ಹಿಡಿದ ಮೇಲೂ ಅವರು ಕೇಳುತ್ತಿದ್ದುದು ಅದೊಂದನ್ನೇ, ನಾನು ಹೇಳುತ್ತಿದ್ದುದೂ ಅದೊಂದನ್ನೇ. ಫೋನಿನ ಕೆಲಸ ಬಲ್ಲವರನ್ನು ವಿಚಾರಿಸಿದರೆ ನಿಜ ತಿಳಿದೀತು. ದೊಡ್ಡಮ್ಮ ತೀರಿಕೊಂಡು ವರ್ಷವಾದರೂ ವಿಚಾರಿಸುವ ಧೈರ್ಯ ನನಗೆ ಬಂದಿಲ್ಲ.