ತ್ಯಾಂಪಣ್ಣ ಅಳೆಯುವ ಮುಷ್ಟಿಬಲ

ಪುತ್ತೂರಿನ ಆಸ್ಪತ್ರೆಯೊಂದರ ಹಿಂಬದಿಯ ಕೋಣೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತ್ಯಾಂಪಣ್ಣ ಮುಷ್ಟಿಬಲ ಅಳೆಯುವ ಯಂತ್ರದ ಹಿಡಿಗೆ ಐದು ಕಿಲೋದ ತೂಕದ ಕಲ್ಲನ್ನು ತೂಗುಹಾಕಿ, ಕೆಂಪಗೆ ಬೆಳಗುವ ಅಂಕಿಯನ್ನು ದಿಟ್ಟಿಸುತ್ತಾರೆ. ಐದು. ಸರಿಯಿದೆ. ಕರೆಂಟು ಏರಿಳಿಯುವ ಊರಿನಲ್ಲಿ ಇಷ್ಟು ಮಾಡದೆ ಅವರು ಯಾರ ಕೈಯನ್ನೂ ಅಳೆಯುವುದಿಲ್ಲ.

ಕೈ ಮುರಿದವರು, ಮಣಿಕಟ್ಟು ಜಜ್ಜಿಕೊಂಡವರು ಈ ಹಿಡಿಯನ್ನು ಬಲವಾಗಿ ಹಿಸುಕಬೇಕು. ಎಷ್ಟು ಶಕ್ತಿ ಮರಳಿದೆಯೆಂದು ಅಂಕಿ ಹೇಳುತ್ತದೆ. ಡಾಕ್ಟರ್ ಕೃಷ್ಣಮೋಹನ ಇದನ್ನು ಬೊಂಬಾಯಿಯಿಂದ ತರಿಸಿದಾಗ, ನೋಡಿಕೊಳ್ಳಲು ಕರೆದದ್ದು ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ತ್ಯಾಂಪಣ್ಣನವರನ್ನು. ಈಗ ಕಡಬ, ಪಂಜದ ಕಡೆಯಿಂದಲೂ ದಿನಕ್ಕೆ ಹತ್ತಾರು ಕೈಗಳು ಬರುತ್ತವೆ.

ಅವರು ಈ ಕೆಲಸ ಒಪ್ಪಿಕೊಂಡದ್ದು ತೀರಿಹೋದ ತಮ್ಮನಾದ ಬೋಜನ ನೆನಪಿಗೆ. "ಅವನ ಕೈ ಮಿಲ್ಲಿನಲ್ಲಿ ಸಿಕ್ಕಿತ್ತು. ಗುಣ ಆಯ್ತು ಅಂತ ನಾವೇ ಹೇಳಿ ಕೆಲಸಕ್ಕೆ ಕಳಿಸಿದೆವು. ಬಾವಿಗೆ ಇಳಿಯುವಾಗ ಹಗ್ಗ ನಿಲ್ಲಲಿಲ್ಲ ಕೈಯಲ್ಲಿ." ದೇವರು ಕರೆದುಕೊಂಡ ಎನ್ನುವುದು ಬಾಯಿಗೆ ಸುಲಭ, ಮನಸ್ಸಿಗಲ್ಲ.

ಇದು ೧೯೮೬, ಆಯುಧಪೂಜೆಯ ಮರುದಿನ. ನೆಟ್ಟಣದಿಂದ ಮೊದಲ ಬಸ್ಸಿಗೆ ಸೀನ, ಹೆಂಡತಿ ಸುಂದರಿಯೊಡನೆ ಬಂದಿದ್ದಾನೆ. ರೈಲು ಹಳಿಯ ಕೆಲಸದಲ್ಲಿ ಸಲಾಕೆ ಜಾರಿ ಮಣಿಕಟ್ಟು ಮುರಿದುಕೊಂಡವನು. ಅಂಕಿ ಮೂವತ್ತು ಮುಟ್ಟಿದರೆ ಕೆಲಸಕ್ಕೆ ಮರಳಬಹುದೆಂದು ಡಾಕ್ಟರು ಇಂದೇ ಬರೆದುಕೊಡುತ್ತಾರೆ. ಇಲ್ಲವಾದರೆ ಆ ಜಾಗ ಇನ್ನೊಬ್ಬನ ಪಾಲು.

ಸೀನ ಹಿಡಿಯನ್ನು ಕಣ್ಣಿಗೊತ್ತಿಕೊಂಡು ಹಿಸುಕುತ್ತಾನೆ. ಹದಿನಾಲ್ಕು. ಹೋದ ವಾರ ಇಪ್ಪತ್ತೆಂಟು ಬಂದಿತ್ತು.

"ಎಂತ ಮಾರಾಯ, ನೋವುಂಟಾ?"

"ಇಲ್ಲಣ್ಣ."

ಮತ್ತೆ ಹಿಸುಕಿದರೆ ಹದಿಮೂರು. ಸುಂದರಿಯ ಮುಖ ಬಿಳುಚಿಕೊಳ್ಳುತ್ತದೆ. "ನಿನ್ನೆ ಮನೆಯಲ್ಲಿ ಅಷ್ಟೂ ತೆಂಗಿನಕಾಯಿ ಸುಲಿದದ್ದು ಯಾರು, ಭೂತವಾ?" ಎಂದು ಗಂಡನನ್ನು ಗದರಿ, ಇತ್ತ ತಿರುಗುತ್ತಾಳೆ. "ತ್ಯಾಂಪಣ್ಣ, ನೀವೇ ಒಂದು ಮೂವತ್ತು ಅಂತ ಹೇಳಿಬಿಡಿ."

"ಹಾಗೆ ಹೇಳಿ ಒಬ್ಬನನ್ನು ಕಳಕೊಂಡಿದ್ದೇನೆ ತಂಗಿ."

ಕಲ್ಲನ್ನು ಮತ್ತೆ ತೂಗುಹಾಕುತ್ತಾರೆ. ಯಂತ್ರದಲ್ಲಿ ತಪ್ಪಿಲ್ಲ. ಈ ಸಲ ಅವರು ಅಂಕಿಯನ್ನು ಬಿಟ್ಟು ಸೀನನ ಬೆರಳುಗಳನ್ನೇ ನೋಡುತ್ತಾರೆ. ಗೆಣ್ಣುಗಳು ಬಿಗಿಯುತ್ತಲೇ ಇಲ್ಲ.

"ನೀನು ಹಿಸುಕುದೇ ಇಲ್ಲ. ಎಂತಕ್ಕೆ?"

ಸೀನ ತಲೆ ತಗ್ಗಿಸುತ್ತಾನೆ. "ಗಂಧ, ಕುಂಕುಮ ಹಚ್ಚಿ ದೇವರ ಹಾಗೆ ಇಟ್ಟಿದ್ದೀರಿ. ಕತ್ತು ಹಿಸುಕಿದ ಹಾಗೆ ಹೇಗೆ ಹಿಸುಕುದು?"

ನಿನ್ನೆ ಪೂಜೆ ಮಾಡಿದ್ದು ತ್ಯಾಂಪಣ್ಣನವರೇ. ಅವರು ಕೈಮುಗಿದು, ಒದ್ದೆ ಬಟ್ಟೆಯಿಂದ ಕುಂಕುಮವನ್ನೆಲ್ಲ ಒರೆಸುತ್ತಾರೆ. "ಪೂಜೆ ನಿನ್ನೆಗೇ ಮುಗಿಯಿತು. ಇನ್ನು ಇವನೂ ನಮ್ಮ ಹಾಗೆ ಕೆಲಸದವ. ಹಿಸುಕು."

"ನನ್ನ ಮೇಲೆ ಸಿಟ್ಟು ಬಂದಾಗ ಹಲ್ಲು ಕಚ್ಚುದುಂಟಲ್ಲ, ಹಾಗೆ!" ಎನ್ನುತ್ತಾಳೆ ಸುಂದರಿ.

ಅಂಕಿ ಇಪ್ಪತ್ತು ದಾಟುತ್ತದೆ. ಇಪ್ಪತ್ತೊಂಬತ್ತರಲ್ಲಿ ನಿಲ್ಲುತ್ತದೆ. ಸೀನನ ಕತ್ತಿನ ನರ ಉಬ್ಬುತ್ತದೆ. ಮೂವತ್ತೊಂದು.

ಡಾಕ್ಟರ ಚೀಟಿ ಜೇಬಿಗಿಳಿಸಿ ಸೀನ ಓಡಿ ಬಂದವನೇ ತ್ಯಾಂಪಣ್ಣನವರ ಕೈ ಹಿಡಿದು ಕುಲುಕುತ್ತಾನೆ.

"ಬಿಡು ಮಾರಾಯ, ಎಲುಬು ಹುಡಿಯಾದೀತು!"

ದಂಪತಿ ಹೋದ ಮೇಲೂ ಅವರು ಬೆರಳು ನೀವಿಕೊಳ್ಳುತ್ತಲೇ ಇದ್ದಾರೆ. ನೋವಾಯಿತೇ ಎಂದರೆ ನಗುತ್ತಾರೆ. "ಆಯ್ತು. ಹೀಗೆ ನೋಯಿಸಿ ಹೋಗುವವರು ದಿನಾ ಇಬ್ಬರು ಸಿಕ್ಕಿದರೆ ಸಾಕು ನನಗೆ."