ಹುಲ್ಲಿನ ಮೇಲೆ ಕಾಲಿಡದ ಜನರಲ್

ಪ್ರಾಸ್ಪರ್ ಎಂಬ ಊರಿನ ಒಂದು ಮನೆಗೆ ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ನಾನು ಫಿಸಿಯೋಥೆರಪಿಸ್ಟ್. ನನ್ನ ರೋಗಿ ಬೆಲ್ಜಿಯಂ ಸೈನ್ಯದಲ್ಲಿ ಜನರಲ್ ಆಗಿ ನಿವೃತ್ತರಾದವರು, ಎಂಬತ್ತು ದಾಟಿತ್ತು. ಹೆಂಡತಿ ತೀರಿಕೊಂಡ ಮೇಲೆ ದೇಶ ಬಿಟ್ಟು ಇಲ್ಲಿ ಮಗಳ ಹತ್ತಿರ ಬಂದಿದ್ದರು; ಬಂದ ಮೂರೇ ತಿಂಗಳಿಗೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ನಾನಿದ್ದ ರಿಚರ್ಡ್‌ಸನ್ ಊರಿನಿಂದ ಡ್ರೈವ್ ಮಾಡುವಾಗಲೆಲ್ಲ ನನಗೆ ಒಂದೇ ಅಳುಕು: ಇವತ್ತು ನನ್ನ ಕೈಯಲ್ಲಿ ಬಿದ್ದುಬಿಟ್ಟರೆ?

ಮನೆಯೊಳಗೆ ವಾಕರ್ ಹಿಡಿದು ಚೆನ್ನಾಗಿಯೇ ನಡೆಯುತ್ತಿದ್ದರು. ಹಿತ್ತಿಲಿನ ಹುಲ್ಲಿಗೆ ಕರೆದರೆ ಮಾತ್ರ ಬಾಗಿಲಲ್ಲೇ ನಿಲ್ಲುತ್ತಿದ್ದರು. ಬೇಲಿಯಾಚೆ ಹೊಸ ಮನೆಗಳಿಗಾಗಿ ಯಂತ್ರಗಳು ಬೆಳಗಿನಿಂದಲೂ ಮಣ್ಣು ಅಗೆಯುತ್ತಿದ್ದವು. ಆ ಸದ್ದು ನಿಂತಾಗಲೆಲ್ಲ ಅವರು ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗುತ್ತಿದ್ದರು.

ಒಂದು ದಿನ ಕಾರಣ ಕೇಳಿದೆ.

"ಲೆಫ್ಟಿನೆಂಟ್ ಆಗಿದ್ದಾಗ ನನ್ನ ಕೆಲಸ ಹೊಲಗಳಲ್ಲಿತ್ತು," ಎಂದರು. "ಮೊದಲ ಮಹಾಯುದ್ಧದ ಸಿಡಿಯದ ಫಿರಂಗಿ ಶೆಲ್‌ಗಳು ನಮ್ಮ ಮಣ್ಣಲ್ಲಿ ಇನ್ನೂ ಇವೆ. ಉಳುವಾಗ ಮೇಲೆ ಬರ್ತವೆ. ಒಂದು ಹೊಲ ಪೂರ್ತಿ ಹುಡುಕಿ, ಇನ್ನು ಏನೂ ಇಲ್ಲ ಅಂತ ಸಹಿ ಹಾಕಿದೆ. ಆರು ವಾರ ಆದ್ಮೇಲೆ ಅಲ್ಲೇ ನೇಗಿಲಿಗೆ ಒಂದು ಸಿಕ್ತು."

"ರೈತನಿಗೆ?"

"ಎರಡೂ ಕಣ್ಣು ಹೋಯ್ತು. ಶೆಲ್ ತುಂಬ ಆಳದಲ್ಲಿತ್ತು, ನನ್ನ ತಪ್ಪಿಲ್ಲ ಅಂದ್ರು. ಮರುವರ್ಷ ಬಡ್ತಿ ಕೊಟ್ರು."

ಆಮೇಲೆ ಜರ್ಮನಿಯಲ್ಲಿ ಟ್ಯಾಂಕ್ ಪಡೆ, ಆಫ್ರಿಕಾದಲ್ಲಿ ಶಾಂತಿಪಾಲನೆ, ಬ್ರಸೆಲ್ಸ್‌ನಲ್ಲಿ ದೊಡ್ಡ ಹುದ್ದೆ. ಪ್ರತಿ ಬಡ್ತಿಯ ಸುದ್ದಿಯನ್ನೂ ಆ ರೈತನ ಮನೆಗೆ ಹೋಗಿ ತಾವೇ ಹೇಳುತ್ತಿದ್ದರಂತೆ. ಮೊದಲೆರಡು ಸಲ ಅವನು ಬಾಗಿಲು ತೆಗೆಯಲಿಲ್ಲ. ಮೂರನೆಯ ಸಲ ಒಳಗೆ ಕರೆದು, ಇವರ ಭುಜದ ಮೇಲಿನ ಹುದ್ದೆಯ ಪಟ್ಟಿಯನ್ನು ಬೆರಳಲ್ಲಿ ಸವರಿ ನೋಡಿ, ಕಾಫಿ ಕೊಟ್ಟನಂತೆ.

ಹಿಂದೆ ರೌಂಡ್ ರಾಕ್ ಊರಿನಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ಕಣ್ಣೆದುರೇ ಬಿದ್ದ ನನ್ನ ರೋಗಿ, ಒಬ್ಬ ಅಜ್ಜಿಯ ವಿಷಯ ಹೇಳಿಕೊಂಡೆ. ತಪ್ಪು ನನ್ನದಲ್ಲವೆಂದು ನನಗೂ ಹೇಳಿದ್ದರು.

"ಹೋಗಿ ನೋಡಿದ್ಯಾ ಅವರನ್ನ?"

"ಇಲ್ಲ. ಧೈರ್ಯ ಬರಲಿಲ್ಲ."



ಮಾರ್ಚ್‌ನ ಒಂದು ಬೆಳಿಗ್ಗೆ ಟ್ರಾಫಿಕ್‌ನಲ್ಲಿ ಸಿಕ್ಕಿ ಹತ್ತು ನಿಮಿಷ ತಡವಾಗಿ ತಲುಪಿದೆ. ಮಗಳು ಮಹಡಿಯಲ್ಲಿ ಆಫೀಸ್ ಮೀಟಿಂಗ್‌ನಲ್ಲಿದ್ದಳು. ಹಿತ್ತಿಲ ಬಾಗಿಲು ತೆರೆದಿತ್ತು. ವಾಕರ್ ಹುಲ್ಲಿನ ಮೇಲೆ ಒಂಟಿಯಾಗಿ ನಿಂತಿತ್ತು. ಬೇಲಿಯ ಗೇಟಿನಾಚೆ, ಅಗೆದ ಮಣ್ಣಿನ ಮೇಲೆ, ಜನರಲ್ ಎರಡೂ ಕೈ ಚಾಚಿ ಯಂತ್ರಕ್ಕೆ ಅಡ್ಡ ನಿಂತಿದ್ದರು. ಅವರ ಹಿಂದಿನ ಗುಂಡಿಯಲ್ಲಿ ತುಕ್ಕು ಹಿಡಿದ ಉದ್ದನೆಯ ಕಬ್ಬಿಣ.

ನಾನು ಓಡಿದೆ.

"ಅಲ್ಲೇ ನಿಲ್ಲು," ಎಂದರು. ಅಂಥ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ.

ಅವರ ಎಡಗಾಲು ನಡುಗುತ್ತಿತ್ತು. ಇನ್ನೊಂದು ನಿಮಿಷ ಬಿಟ್ಟರೆ ಗುಂಡಿಯೊಳಗೇ ಬೀಳುತ್ತಿದ್ದರು. "ನಿಲ್ಲೋಕೆ ಆಗಲ್ಲ ಅಂಕಲ್, ನಾನು ಬರ್ತೀನಿ," ಎಂದೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡ.

ಭಾಷೆ ತಿಳಿಯದಿದ್ದರೂ ಅವರಿಗೆ ಅರ್ಥವಾಯಿತು. "ಹಾಗಾದ್ರೆ ನನ್ನ ಹೆಜ್ಜೆಗುರುತಿನ ಮೇಲೇ ಬಾ," ಎಂದರು.

ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಸೊಂಟ ಹಿಡಿದುಕೊಂಡೆ. ಅದು ಇಲ್ಲಿದ್ದ ಹಳೇ ರೈತರ ಗ್ಯಾಸ್ ಸಿಲಿಂಡರ್ ಇರಬೇಕು, ಎತ್ತಿ ಎಸೆದರಾಯಿತು ಎಂದ ಯಂತ್ರದ ಪಕ್ಕ ನಿಂತಿದ್ದ ಮೇಸ್ತ್ರಿ. ಅಗ್ನಿಶಾಮಕದವರಿಗೆ ಫೋನ್ ಮಾಡುವವರೆಗೂ ಕದಲುವುದಿಲ್ಲ ಎಂದರು ಜನರಲ್. ಕೊನೆಗೆ ಅವನೇ ಫೋನ್ ಮಾಡಿದ.

ಬಂದವರು ಪರೀಕ್ಷಿಸಿ ಹೇಳಿದರು: ಸಿಲಿಂಡರೇ ಹೌದು, ಒಳಗಿನ್ನೂ ಗ್ಯಾಸ್ ಇದೆ, ಯಂತ್ರ ತಗುಲಿದ್ದರೆ ಕಷ್ಟವಾಗುತ್ತಿತ್ತು. ಮೇಸ್ತ್ರಿ ಬಂದು ಅವರ ಕೈ ಕುಲುಕಿದ. ಜನರಲ್‌ರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. "ಸುತ್ತಮುತ್ತ ಹುಡುಕಿದ್ರಾ?" ಎಂದು ಮೂರು ಸಲ ಕೇಳಿದರು.

ತಡವಾಗಿ ಬಂದದ್ದನ್ನೂ, ಅವರು ಆಸರೆಯಿಲ್ಲದೆ ನಡೆದದ್ದನ್ನೂ ನಾನು ವರದಿಯಲ್ಲಿ ಬರೆದೆ. "ಇದನ್ನ ಬರೀಲೇಬೇಕಿತ್ತಾ?" ಎಂದಳು ಮಗಳು. ಹೌದು ಎಂದೆ. ಮಧ್ಯಾಹ್ನ ಅವಳು ಎಕ್ಸ್‌ರೇಗೆ ಕರೆದೊಯ್ದಾಗ ನಾನು ಇನ್ನೊಬ್ಬ ರೋಗಿಯ ಮನೆಯೆದುರು ಕಾರಿನಲ್ಲಿ ಕೂತು, ಫೋನ್ ತೊಡೆಯ ಮೇಲಿಟ್ಟುಕೊಂಡು ಕಾದೆ. ಮೂಳೆ ಸರಿಯಾಗಿದೆ ಎಂದು ಮೆಸೇಜ್ ಬಂದ ಮೇಲೆಯೇ ಇಳಿದು ಆ ಮನೆಯ ಬೆಲ್ ಒತ್ತಿದೆ.

ಬೇಸಿಗೆಯಲ್ಲಿ ಮಗಳ ಕೆಲಸ ಹ್ಯೂಸ್ಟನ್‌ಗೆ ಬದಲಾಗಿ ಅವರು ಅಲ್ಲಿಗೆ ಶಿಫ್ಟ್ ಆದರು. ಅಲ್ಲಿನ ಥೆರಪಿಸ್ಟ್‌ಗೆ ಎರಡು ಪುಟ ಟಿಪ್ಪಣಿ ಕಳಿಸಿದೆ. ಎಡಕ್ಕೆ ತಿರುಗುವಾಗ ಹೆಜ್ಜೆ ಸಣ್ಣದಾಗುತ್ತದೆ, ಕೈ ಹಿಡಿಯುವ ಮುಂಚೆ ಅವರನ್ನು ಕೇಳಿ ಎಂದೆಲ್ಲ ಬರೆದು, ಸಹಿ ಹಾಕಿ ಕಳಿಸುವ ಮೊದಲು, ಏನಾದರೂ ಬಿಟ್ಟುಹೋಗಿದೆಯೇ ಎಂದು ನಾಲ್ಕು ಸಲ ಓದಿದೆ.